ಎಲ್ಲ ಇದ್ದೀರಲ್ಲ?

ಮಲೇಷ್ಯಾದ ಸುಬಾಂಗ್ ಜಯಾದ ಮೆಡಿಕಲ್ ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ ಉಡುಪಿಯ ಮೇಷ್ಟ್ರು ದಿನವೂ ಕನ್ನಡಕ ಒರೆಸಿಕೊಂಡು, “ಎಲ್ಲ ಇದ್ದೀರಲ್ಲ?” ಎಂದು ಕನ್ನಡದಲ್ಲೇ ಕೇಳುತ್ತಿದ್ದರು. “ಇದ್ದೀವಿ ಸರ್” ಎನ್ನಲು ಮಲಯ್, ಚೀನೀ ಗೆಳೆಯರೂ ಕಲಿತಿದ್ದರು.

ಅದು ಕೊರೊನಾ ಕಾಲ. ತರಗತಿಯಲ್ಲಿ ಮಾಸ್ಕ್, ಆನ್‌ಲೈನಿನಲ್ಲಿ ಕ್ಯಾಮೆರಾ ಬಂದ್. ಗಡಿಗಳು ತೆರೆದ ಮೇಲೆ ಅವರೇ ನಮ್ಮನ್ನು ರೋಮ್ ನೋಡಲು ಕರೆದೊಯ್ದರು. ಅಲ್ಲಿ ಇಳಿದ ದಿನವೇ, ಅವರು ಬಸ್ ಟಿಕೆಟ್ ತರುವಷ್ಟರಲ್ಲಿ ನಾವೆಲ್ಲ ಕಾರಂಜಿಯ ಬಳಿ ಮಾಸ್ಕ್ ಇಳಿಸಿ ಐಸ್‌ಕ್ರೀಮ್ ತಿನ್ನುತ್ತಿದ್ದೆವು.

“ಮಕ್ಕಳೆಲ್ಲಿ ಹೋದ್ರು ಮಾರಾಯ್ರೆ,” ಎನ್ನುತ್ತ ಅವರು ನಮ್ಮ ನಡುವೆಯೇ ಹಾದುಹೋದರು. ಮುಖ ಬಿಳಿಚಿಕೊಂಡಿತ್ತು.

“ಸರ್, ಇಲ್ಲೇ ಇದ್ದೀವಿ ಲಾ,” ಎಂದು ಮಲಯ್ ಗೆಳೆಯರ ಧಾಟಿಯಲ್ಲಿ ಹೇಳಿ ನಾನು ಮಾಸ್ಕ್ ಏರಿಸಿದೆ. ಉಳಿದವರೂ ಏರಿಸಿದರು.

ಮೇಷ್ಟ್ರು ಕಾರಂಜಿಯ ಕಟ್ಟೆಯ ಮೇಲೆ ಕುಸಿದು ಕೂತು ಕನ್ನಡಕ ಒರೆಸಿಕೊಂಡರು. “ಉಸ್ಸಪ್ಪ. ಈಗ ತೆಗೀರಿ. ಎಲ್ಲ ಇದ್ದೀರಲ್ಲ?”

“ಇದ್ದೀವಿ ಸರ್.”

ಹಾಗೆ ಹೇಳುವ ಬಾಯಿಗಳನ್ನು ಅವರು ಅಂದೇ ಮೊದಲ ಸಲ ನೋಡಿದ್ದು.