ನಾಲ್ಕನೆಯ ನುಡಿ

ಡಬ್ಬಿಯಕ್ಕ ಹುಟ್ಟು ಹಾಡುಗಾರ್ತಿಯೇನಲ್ಲ. ನೂಲಿನ ಗಿರಣಿಗೆ ಸೇರಿದಾಗ ಅವಳಿಗೆ ಹದಿನಾರು. ಯಂತ್ರಗಳ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು. ರಾಗ ಎಳೆದರೆ ಮಾತ್ರ ಪಕ್ಕದವಳಿಗೆ ಮುಟ್ಟುತ್ತಿತ್ತು. ಹಾಗೆ ಶುರುವಾದದ್ದು. ಕೂಲಿ ಕಡಿದ ವರ್ಷ ಗೇಟಿನ ಮುಂದೆ ಊಟದ ಡಬ್ಬಿ ಬಡಿದು ಹಾಡಿದಳು. ಕೆಲಸ ಹೋಯಿತು, ಹೆಸರು ಉಳಿಯಿತು. ಅಲ್ಲಿಂದ ಇಪ್ಪತ್ತೆರಡು ವರ್ಷ, ಎಲ್ಲಿ ಮುಷ್ಕರವೋ ಅಲ್ಲಿ ಡಬ್ಬಿಯಕ್ಕ.

ಅವಳದೊಂದು ಕಟ್ಟುಪಾಡು: ಯಾರ ಕಷ್ಟವನ್ನೂ ಅವರನ್ನು ಕೇಳದೆ ಹಾಡಿಗೆ ತರುವುದಿಲ್ಲ. ಗಿರಣಿ ಆಳುಗಳಿಂದ ಏನೇನು ಕಿತ್ತುಕೊಂಡಿತು ಎಂಬ ಹೊಸ ಹಾಡಿಗೂ ಹಾಗೆಯೇ ಒಪ್ಪಿಗೆ ಕೇಳಿದ್ದಳು. ಬೆರಳು ಹೋದವಳದೊಂದು ನುಡಿ, ಉಸಿರು ಕಟ್ಟಿದವನದೊಂದು, ಕಣ್ಣು ಮಂಜಾದವಳದೊಂದು. ನಾಲ್ಕನೆಯದು, ಯಂತ್ರಗಳಿಗೆ ಎಣ್ಣೆ ಬಿಡುವ ಎಣ್ಣೆಯಣ್ಣನ ಕಿವಿಯದು. ಒಂದು ಕಿವಿ ಮಂದವಂತೆ. ಕೇಳಿದ್ದಕ್ಕೆ ನಕ್ಕು ತಲೆಯಾಡಿಸಿದ್ದ.

ಗೇಟ್ ಸಭೆಗೆ ಹತ್ತು ನಿಮಿಷವಿದೆ ಎನ್ನುವಾಗ ಅವನ ಹೆಂಡತಿ ಏದುಸಿರು ಬಿಡುತ್ತ ಬಂದಳು.

“ಅಕ್ಕಾ, ನಮ್ಮೋರ ನುಡಿ ಹಾಡ್ಬೇಡಿ. ಎರಡೂ ಕಿವಿ ಹೋಗಿದೆ. ಒಳಗೆ ಆಫೀಸಿನೋರಿಗೆ ಗೊತ್ತಾದ್ರೆ ನಾಳೆನೇ ಮನೆಗೆ ಕಳಿಸ್ತಾರೆ.”

“ಕೇಳಿದ್ನಲ್ಲಮ್ಮಾ, ಹೂಂ ಅಂದ!”

“ಅವರು ಎಲ್ಲದಕ್ಕೂ ತಲೆ ಆಡಿಸ್ತಾರಕ್ಕಾ. ಮನೇಲಿ ಅಕ್ಕಿ ಇಲ್ಲ ಅಂದ್ರೂ ಹಾಗೇ ನಗ್ತಾರೆ.”

ಡಬ್ಬಿಯಕ್ಕ ಸೇರಿದ್ದ ಜನರತ್ತ ನೋಡಿದಳು. ವಾರದಿಂದ ತಾನೇ ಕಲಿಸಿದ ಹಾಡು. ನಾನೂರು ಬಾಯಿಗೆ ಬಿದ್ದದ್ದನ್ನು ಹಿಂದಕ್ಕೆ ತರುವುದು ಹೇಗೆ? ಕಾರಣ ಹೇಳಿದರೆ ಗುಟ್ಟೇ ಬಯಲು. ಗೇಟಿನ ಬಳಿ ಮ್ಯಾನೇಜರ್ ಬೇರೆ ಕೈಕಟ್ಟಿ ನಿಂತಿದ್ದಾನೆ.

ಮೂರು ನುಡಿಗಳನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದಳು. ಮೂರನೆಯದು ಮುಗಿಯುತ್ತಲೇ ಜನ ನಾಲ್ಕಕ್ಕೆ ಉಸಿರೆಳೆದುಕೊಂಡರು. ಅವಳು ಗಕ್ಕನೆ ಕೈಯೆತ್ತಿದಳು. ಹಾಡು ನಿಂತಿತು, ತಾಳದ ಚಪ್ಪಾಳೆಯೂ ನಿಂತಿತು. ಆದರೆ ಮುಂದಿನ ಸಾಲಿನಲ್ಲಿ ಎಣ್ಣೆಯಣ್ಣ, ಕಣ್ಣು ಮುಚ್ಚಿ, ಒಬ್ಬನೇ ತಟ್ಟುತ್ತಲೇ ಇದ್ದ.

ಮ್ಯಾನೇಜರ್ ಅತ್ತ ಕತ್ತು ಹೊರಳಿಸಿದ.

 ಮರುಕ್ಷಣವೇ ಡಬ್ಬಿಯಕ್ಕ ಎಣ್ಣೆಯಣ್ಣನ ಚಪ್ಪಾಳೆಗೇ ತನ್ನ ಚಪ್ಪಾಳೆ ಸೇರಿಸಿ, ಮೂರನೆಯ ನುಡಿಯನ್ನೇ ಮತ್ತೆ ಎತ್ತಿಕೊಂಡಳು. ಜನ ತಬ್ಬಿಬ್ಬಾದರೂ ಹಿಂದೆಯೇ ಬಂದರು.

“ಅದಾಯ್ತಲ್ಲಕ್ಕಾ, ನಾಲ್ಕನೇದು ಹಾಡು!”

“ಮರೆವು ಬಂತು ಕಣ್ರೋ ಅಕ್ಕಂಗೆ. ಇನ್ಮೇಲೆ ಮನೇಲಿ ಜೋಗುಳ ಹಾಡ್ಕೊಂಡಿರ್ಲಿ!”

ಗೊಳ್ಳೆಂದು ನಕ್ಕರು. ಇಷ್ಟು ವರ್ಷ ಒಂದಕ್ಷರ ತಪ್ಪದವಳು, ಹೌದಪ್ಪಾ ಹೌದು ಎಂಬಂತೆ ಹಣೆ ಚಚ್ಚಿಕೊಂಡಳು. ಮ್ಯಾನೇಜರನ ದೃಷ್ಟಿ ಎಣ್ಣೆಯಣ್ಣನನ್ನು ಬಿಟ್ಟು ತನ್ನ ಮೇಲೆ ಬೀಳುವ ತನಕ ಅದೇ ನುಡಿಯನ್ನು ಹಾಡಿದಳು. ಬಿದ್ದ ಮೇಲೂ, ಧೈರ್ಯ ಸಾಲದೆ, ಇನ್ನೊಮ್ಮೆ ಹಾಡಿದಳು.