ಬಟ್ಟೆ ಅಂಗಡಿಯ ಹಲಗೆಗೆ ತೇಗದ ಅಂಚು

“ಪ್ಲೈವುಡ್ ಹಲಗಿ ಮ್ಯಾಲೆ ನೋಡಾಕ ಚಂದ ಇರ್ತದ್ರಿ, ಅಂಚಿಗೆ ಬಂದ್ರ ಪದರ ಪದರ ಬಾಯಿ ಬಿಟ್ಟಿರ್ತದ. ಅದನ್ನ ಮುಚ್ಚಾಕ ತೇಗದ ಪಟ್ಟಿ ಹಚ್ಚತೀವಿ, ಸೀರಿಗೆ ದಡಿ ಇದ್ದಂಗ. ಅಂಟು ಜಾಸ್ತಿ ಆದ್ರ ಪಟ್ಟಿ ಜಾರತದ, ಕಡಿಮಿ ಆದ್ರ ಹಿಡಿಯಂಗಿಲ್ಲ. ಹಳೆ ಸೈಕಲ್ ಟ್ಯೂಬ್ ಸೀಳಿ ಬಿಗಿದು ಕಟ್ಟಿದ್ರ ಮುಂಜಾನಿಗೆ ಎರಡೂ ಒಂದಾಗಿರ್ತಾವ. ನಾನೂ ನನ್ನ ಗಂಡನೂ ಇಷ್ಟು ಜಲ್ದಿ ಒಂದಾಗಿರಲಿಲ್ಲ ನೋಡ್ರಿ.”

ಹೀಗೆ ಹೇಳಿ ತಾನೇ ಮೊದಲು ನಗುವವಳು ಸಿಂದಗಿ ಕಡೆಯ ಮಹಾನಂದಾ. ಪೀಣ್ಯದಲ್ಲಿ ಮುನೀಂದ್ರನ ಮರಗೆಲಸದ ಶೆಡ್ಡಿಗೆ ಕಸ ಗುಡಿಸಲು ಬಂದವಳು, ಆಮೇಲೆ ಉಪ್ಪುಕಾಗದ ಉಜ್ಜಲು ನಿಂತಳು. ಅವಳ ಕಣ್ಣೆಲ್ಲ ಕಿಟಕಿ ಪಕ್ಕದ ಬೆಂಚಿನ ಮೇಲೆ. ಅಲ್ಲಿ ನಿಂತು ಕೆಲಸ ಮಾಡಿದರೆ ಬಡಗಿ ಎಂದೇ ಲೆಕ್ಕ.

ಮಾರತ್ತಹಳ್ಳಿಯ ಬಟ್ಟೆ ಅಂಗಡಿಯ ಅಂಜಿನಮ್ಮನವರ ಹಲಗೆಗಳು ಬಂದಾಗ ಮುನೀಂದ್ರ ಅಂದ, “ಅಂಚು ನೀನೇ ಹಚ್ಚು. ಚೆನ್ನಾಗಿ ಬಂದ್ರೆ ಬೆಂಚು ನಿಂದು. ಕೆಟ್ರೆ ಮತ್ತೆ ಉಪ್ಪುಕಾಗದ.”

ಪಟ್ಟಿ ಹಚ್ಚಿ ಕಟ್ಟಿಟ್ಟ ಮರುದಿನ ಬೆಳಿಗ್ಗೆ ಟ್ಯೂಬು ಬಿಚ್ಚಿದರೆ, ಪಟ್ಟಿಗಳೆಲ್ಲ ಹಲಗೆಗಿಂತ ಅರ್ಧ ಬೆರಳು ಮೇಲಕ್ಕೆ ನಿಂತಿದ್ದವು.

“ಏನಮ್ಮಾ, ಕೆರೆಗೆ ಕಟ್ಟೆ ಹಾಕಿದ್ದೀಯ?” ಅಂದ ಮುನೀಂದ್ರ.

“ಪಾತ್ರಿ ಜಾರಿ ಬೀಳಬಾರದಲ್ರಿ. ನಮ್ಮ ಕಡೆ ಅಡಗಿಮನಿ ಹಲಗಿಗೆ ಹಿಂಗಾ ಇರ್ತದ.”

“ಅಲ್ಲಿಡೋದು ಸೀರೆ ಕಣಮ್ಮ. ಎಳೆದಾಗೆಲ್ಲ ಸಿಕ್ಕಾಕೊಳ್ಳುತ್ತೆ. ಮಧ್ಯಾಹ್ನಕ್ಕೆ ಹಲಗೆ ಒಯ್ಯೋಕೆ ಟೆಂಪೋ ಬರುತ್ತೆ.”

ಕಿತ್ತರೆ ಹಲಗೆಯೇ ಸೀಳುತ್ತದೆ. ಉಳಿದದ್ದು ಮರ ಹೆರೆಯುವ ಉಜ್ಜುಗೊರಡು ಒಂದೇ. ಅದೂ ಕಷ್ಟ, ಪ್ಲೈವುಡ್ಡಿನ ಮೇಲಿನ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳು. ಗೊರಡು ತಾಗಿದರೆ ಹಲಗೆ ಹಾಳು.

ಮಹಾನಂದಾ ಸೆರಗು ಸಿಕ್ಕಿಸಿ, ಪಟ್ಟಿಯ ಪಕ್ಕದ ಹಲಗೆಯ ಮೇಲೆಲ್ಲ ಪೆನ್ಸಿಲ್ ಗೀಚಿದಳು. ಗೊರಡು ತಾಗಿ ಗೀಚು ಮಾಸತೊಡಗಿದರೆ ಕೈ ನಿಲ್ಲಬೇಕು. ತೇಗದ ಸುರುಳಿ ಕಾಲ ಬಳಿ ಬೀಳತೊಡಗಿತು. ಮುನೀಂದ್ರ ನೋಡಲಾಗದೆ ಚಹಾಕ್ಕೆ ಹೋದ. ಬಂದು ನೋಡಿ ಇನ್ನೊಂದು ಚಹಾಕ್ಕೆ ಹೋದ.

ಟೆಂಪೋ ಜೊತೆ ಅಂಜಿನಮ್ಮನವರೇ ಬಂದಿಳಿದರು. ತಮ್ಮ ರೇಷ್ಮೆ ಸೆರಗನ್ನು ಅಂಚಿನ ಮೇಲೆ ಹಾಕಿ ಎಳೆದರು. ಸೆರಗು ನೀರಿನಂತೆ ಜಾರಿ ಬಂತು. ಹಲಗೆಯ ಮೇಲೆ ಪೆನ್ಸಿಲ್ ಗೀಚು ಹಾಗೇ ಇತ್ತು.

“ಗೀಚಿರೋದು ಅಳಿಸಿ ಕೊಡಿ, ಸಾಕು,” ಅಂದರು.

ಮುನೀಂದ್ರ ಕಿಟಕಿ ಪಕ್ಕದ ಬೆಂಚಿನ ಮೇಲಿದ್ದ ತನ್ನ ಟಿಫಿನ್ ಡಬ್ಬಿ, ಹೆಲ್ಮೆಟ್ಟು ಎತ್ತಿಕೊಂಡ. “ನಾಳೆಯಿಂದ ಇಲ್ಲಿ ನನ್ನ ಸಾಮಾನು ಇಡಲ್ಲಮ್ಮ. ನೀನೂ ಕಟ್ಟೆ ಕಟ್ಟಬೇಡ.”

“ಏನಿಡ್ತಾರಂತ ಕೇಳಿ ಕಟ್ಟತೇನ್ರಿ,” ಅಂದಳು ಮಹಾನಂದಾ.

ಸಂಜೆ ಬಾಡಿಗೆ ಕೋಣೆಗೆ ಬಂದು ಕೈಕಾಲು ತೊಳೆದಳು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಒಂದು ಉಂಡೆ ಮುರಿದು ರೊಟ್ಟಿ ಬಡಿಯಲು ಕುಳಿತಳು.