ಕಾರವಾರದವರೆಗೆ ಸ್ಟೇರಿಂಗ್ ನನ್ನ ಕೈಯಲ್ಲಿ

ಮಣ್ಣಗುಡ್ಡದ ಮನೆಯಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ದೇವರಿಗೆ ದೀಪ ಇಟ್ಟು, ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಡ್ರೈವರ್ ಸೀಟಿನಲ್ಲಿ ನಾನು ಕೂತೆ. ಪಕ್ಕದಲ್ಲಿ ನಮ್ಮ ಯಜಮಾನರು.

ಬಂದರ್‌ನಿಂದ ಕಾರವಾರಕ್ಕೆ ಅಕ್ಕಿ ಲಾರಿ ಓಡಿಸಿ ಸಂಸಾರ ಸಾಕಿದವರು ಇವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಡಾಕ್ಟರು ಡ್ರೈವಿಂಗ್ ಬೇಡವೆಂದರು. ಇವರು ಕಾರು ಮಾರಲು ಹೊರಟರು. ನಾನು ಕಲಿತು ಲೈಸೆನ್ಸ್ ತಂದರೂ ನಂಬಿಕೆ ಬರಲಿಲ್ಲ. ಕೊನೆಗೊಂದು ಮಾತಾಯಿತು: ಕಾರವಾರದ ನನ್ನ ತಂಗಿಯ ಮನೆಗೆ ನಾನೇ ಓಡಿಸಿಕೊಂಡು ಹೋದರೆ ಕಾರು ಉಳಿಯುತ್ತದೆ, ದಾರಿಯಲ್ಲಿ ಬೇರೆ ಡ್ರೈವರನ್ನು ಕರೆಯಬೇಕಾದರೆ ಮಾರಾಟ.

ಕೊಟ್ಟಾರ ಚೌಕಿಯಲ್ಲಿ ಅರುವತ್ತಾರರ ಹೆದ್ದಾರಿ ಹಿಡಿದೆವು. ಮುಂದೆ ಸುಮಾರು ಇನ್ನೂರ ಎಪ್ಪತ್ತು ಕಿಲೋಮೀಟರ್. ಕೂಳೂರು ಸೇತುವೆಯಲ್ಲೇ ಇವರ ಬಲಗಾಲು ನೆಲ ಒತ್ತತೊಡಗಿತು.

"ಅಲ್ಲಿ ಬ್ರೇಕ್ ಇಲ್ಲ ಮಾರಾಯ್ರೆ, ಮ್ಯಾಟ್ ಹರಿದೀತು" ಎಂದೆ.

"ನೀನು ಎದುರು ನೋಡು ಮಾರಾಯ್ತಿ."

ಪಡುಬಿದ್ರಿ, ಉಡುಪಿ ದಾಟಿ ಬ್ರಹ್ಮಾವರದಲ್ಲಿ ಬಿಸಿ ಗೋಳಿಬಜೆ ತಿಂದೆವು. ಇವರಿಗೆ ಸಕ್ಕರೆ ಇಲ್ಲದ ಚಾ. ಹೋಟೆಲಿನೆದುರು ನೆರಳಲ್ಲೇ ಜಾಗ ಸಿಕ್ಕಿತು, ರಿವರ್ಸ್ ತೆಗೆಯುವ ಕಷ್ಟವೂ ಇರಲಿಲ್ಲ. ಅದೂ ದೇವರ ದಯೆಯೇ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ನದಿ. ಎರಡಕ್ಕೂ ಮನಸ್ಸಿನಲ್ಲೇ ಕೈ ಮುಗಿದೆ. ಕೈ ಬಿಡುವ ಹಾಗಿರಲಿಲ್ಲವಲ್ಲ.

ಭಟ್ಕಳ ದಾಟಿದ್ದೇ ಮಳೆ ಹೊಡೆಯಿತು. ವೈಪರ್ ಎಷ್ಟು ತಿರುಗಿದರೂ ಸಾಲದು. ಎದುರಿನಿಂದ ಲಾರಿ, ಹಿಂದಿನಿಂದ ಬಸ್ಸು.

"ನಿಲ್ಲಿಸು. ಹೊನ್ನಾವರದಲ್ಲಿ ನನ್ನ ಗುರ್ತದ ಡ್ರೈವರ್ ಒಬ್ಬ ಉಂಟು, ಕರೆಯುವ" ಎಂದರು.

"ಮಳೆಗೆ ರಸ್ತೆಯಲ್ಲಿ ನಿಲ್ಲಿಸಿದರೆ ಹಿಂದಿನವ ಬಂದು ಗುದ್ದುತ್ತಾನೆ ಅಂತ ಹೇಳಿಕೊಟ್ಟದ್ದು ಯಾರು?"

ಲೈಟ್ ಹಾಕಿದೆ, ವೇಗ ಇಳಿಸಿದೆ, ದೇವಿಯ ಹೆಸರು ಹೇಳುತ್ತಾ ಎಡಬದಿ ಹಿಡಿದೆ. ಶರಾವತಿಯ ಸೇತುವೆ ಮುಗಿಯುವಾಗ ಮಳೆಯೂ ಬಿಟ್ಟಿತು.

ಕುಮಟಾ ಕಳೆದರೂ ಪಕ್ಕದಿಂದ ಸದ್ದಿಲ್ಲ. ಸಿಟ್ಟು ಬಂತೋ ಏನೋ ಎಂದುಕೊಂಡೆ. ಮುಂದೆ ದನಗಳು ರಸ್ತೆ ದಾಟಲೆಂದು ಕಾರು ನಿಲ್ಲಿಸಿದಾಗ ತಿರುಗಿ ನೋಡಿದರೆ, ಇವರು ಬಾಯಿ ತೆರೆದು ನಿದ್ದೆ! ಬೇರೆಯವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಬಸ್ಸಿನಲ್ಲೂ ಕಣ್ಣು ಮುಚ್ಚದ ಮನುಷ್ಯ. ಬಲಗಾಲು ಸಡಿಲಾಗಿ ಚಾಚಿತ್ತು. ದನಗಳಿಗೆ ನಾನು ಹಾರ್ನ್ ಹೊಡೆಯಲಿಲ್ಲ.

ಅಂಕೋಲಾ ದಾಟಿ, ಕಾರವಾರದಲ್ಲಿ ತಂಗಿಯ ಗೇಟಿನೆದುರು ಎಬ್ಬಿಸಿದೆ.

"ಭಾವ, ಒಳ್ಳೆ ನಿದ್ದೆಯಾ?" ತಂಗಿ ನಕ್ಕಳು.

"ನಿದ್ದೆಯಾ? ಕಣ್ಣಿಗೆ ಸ್ವಲ್ಪ ರೆಸ್ಟ್ ಕೊಟ್ಟದ್ದು."

ಮರುದಿನ ಹೊರಡುವಾಗ ಇವರು ಮುಂದಿನ ಸೀಟಿನ ಹತ್ತಿರ ಹೋಗಲೇ ಇಲ್ಲ. ಹಿಂದಿನ ಬಾಗಿಲು ತೆರೆದು, ಚಪ್ಪಲಿ ಬಿಚ್ಚಿ, ಕಾಲು ಮೇಲಿಟ್ಟು ಕೂತರು. ಮತ್ತೆ ಕಿಟಕಿಯಿಂದ ತಂಗಿಯನ್ನು ಕರೆದರು:

"ಒಂದು ತಲೆದಿಂಬು ಉಂಟಾ?"